ಮೆಂಬರ್ ಸಂಜೀವಯ್ಯನ ಪ್ರಶ್ನೆ

ನಮ್ಮಪ್ಪ ಸಂಜೀವಯ್ಯನನ್ನು ಇಟ್ಟಮಡುವಿನ ನಮ್ಮ ಕೇರಿಯಲ್ಲಿ ‘ಮೆಂಬ್ರು’ ಎಂದೇ ಕರೆಯುತ್ತಿದ್ದರು. ಗೌರವಕ್ಕಲ್ಲ, ಗೇಲಿಗೆ. ಮಹಾರಾಜರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ನಮ್ಮ ಜನದ ಪರವಾಗಿ ಸರ್ಕಾರವೇ ನೇಮಿಸಿದ್ದ ಮೆಂಬರು ಅವನು. ದಸರೆಗೆ ಪೇಟ ಸುತ್ತಿಕೊಂಡು ಹೋಗಿ ದಿವಾನರ ಎದುರಿಗೆ ಕೂತು ಬಂದ. ಅಲ್ಲಿ ಅವನ ಎಡಬಲದ ಕುರ್ಚಿಗಳಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಇಲ್ಲಿಗೆ ಬಂದರೆ ನಮ್ಮವರೇ ‘ಅರಮನೆಯೋರು ಬಂದ್ರು, ಜಾಗ ಬಿಡ್ರಪ್ಪೋ’ ಎಂದು ಜಗಲಿಯಿಂದ ಎದ್ದು ಹೋಗುತ್ತಿದ್ದರು. ಅಲ್ಲೂ ಸಲ್ಲಲಿಲ್ಲ, ಇಲ್ಲೂ ಸಲ್ಲಲಿಲ್ಲ. ಅವ್ವ ಸತ್ತ ಮೇಲಂತೂ ಅವನ ಜೊತೆ ಮಾತಾಡುವವಳು ನಾನೊಬ್ಬಳೇ, ಅದೂ ಬಯ್ಯುವುದಕ್ಕೆ.

ಬಯ್ಯದೆ ಏನು ಮಾಡಲಿ? ಕೇರಿಗೊಂದು ಬಾವಿ ಕೇಳುತ್ತೇನೆ ಎಂದು ಹೋದವನು, ಸರದಿ ಬರುವಷ್ಟರಲ್ಲಿ ಸಭೆ ಮುಗಿಯಿತೆಂದು ಬಾಯಿ ಮುಚ್ಚಿಕೊಂಡು ಬಂದ. ಹೋದ ಪುಟ್ಟ, ಬಂದ ಪುಟ್ಟ. ಮುಂದಿನ ಸಲ ಇವನನ್ನು ನೇಮಿಸಲಿಲ್ಲ. ೧೯೮೧ ಬಂದರೂ ನಾನು ಪಕ್ಕದ ಲೇಔಟಿನವರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಕಂಡಕಂಡವರ ಬಾಯಿಗೆ ಬೀಳುತ್ತಿದ್ದೆ.

ಆ ವರ್ಷ, ಮೈಸೂರಿನ ಆ ಸಭೆ ಶುರುವಾಗಿ ನೂರು ವರ್ಷವಾಯಿತೆಂದು ಜಯನಗರದ ಯಾವುದೋ ಸಂಘದವರು ಸಮಾರಂಭ ಇಟ್ಟುಕೊಂಡರು. ಕಾರ್ಯದರ್ಶಿ ಗಂಗಾಧರಯ್ಯ ಸ್ಕೂಟರಿನಲ್ಲಿ ಮನೆಗೇ ಬಂದು, ‘ನಿಮ್ಗೆ ಸನ್ಮಾನ ಮಾಡ್ತೀವಿ ಸಾರ್. ಎಂಎಲ್‌ಎ ಬರ್ತಾರೆ. ನೀವೂ ಎರಡು ಮಾತಾಡ್ಬೇಕು’ ಎಂದರು.

ಅವರು ಹೋದ ಮೇಲೆ ಅಪ್ಪ ನನ್ನನ್ನು ಕರೆದ. ‘ಅಂಕಮ್ಮಾ, ಈ ಸಲ ಕೇಳೇ ಬಿಡ್ತೀನಿ ಕಣವ್ವ’ ಎಂದ.

‘ಕೇಳು. ಹಂಗೇ ಬಂದ್ರೆ ಮನೆ ಒಳಕ್ಕೆ ಸೇರಿಸಲ್ಲ’ ಎಂದೆ. ಅವನಿಗಿಂತ ನನಗೇ ಆಸೆ ಹೆಚ್ಚಾಗಿತ್ತು. ಎಂಬತ್ತು ದಾಟಿದ ಮನುಷ್ಯ. ಸಾಯುವ ಮುಂಚೆ ಒಂದೇ ಒಂದು ಸಲ ಯಾರಾದರೂ ಅವನ ಮಾತಿಗೆ ಉತ್ತರ ಕೊಡಲಿ ಎಂದು.

ಶಾಮಿಯಾನದ ತುಂಬ ಜನ. ಶಾಲು, ಹಾರ, ಪೇಟ ಎಲ್ಲ ಆಯಿತು. ಅಪ್ಪ ಮೈಕಿನ ಮುಂದೆ ನಿಂತು, ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ತಡವರಿಸದೆ ಹೇಳಿದ. ‘ಮಾನ್ಯ ಅಧ್ಯಕ್ಷರೇ, ಇಟ್ಟಮಡುವಿನ ನಮ್ಮ ಕೇರಿಯ ಜನಕ್ಕೆ ಕುಡಿಯುವ ನೀರಿಲ್ಲ. ಹೆಂಗಸರು ಕೊಡ ಹಿಡಿದು ಕಂಡವರ ಬಾಗಿಲಲ್ಲಿ ನಿಲ್ಲುತ್ತಿದ್ದಾರೆ. ಸರ್ಕಾರ ಯಾವಾಗ ನೀರು ಕೊಡುತ್ತದೆ?’

ಚಪ್ಪಾಳೆಯೋ ಚಪ್ಪಾಳೆ. ಎಂಎಲ್‌ಎ ನಗುತ್ತಾ ತಲೆದೂಗಿದರು. ಗಂಗಾಧರಯ್ಯ ಮೈಕು ಎಳೆದುಕೊಂಡು, ‘ಕೇಳಿದ್ರಾ? ಅವತ್ತು ದಿವಾನರ ಎದುರಿಗೆ ಆಡಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸಿದ್ರು! ಈ ವಯಸ್ಸಲ್ಲಿ ಏನು ಜ್ಞಾಪಕಶಕ್ತಿ ರೀ!’ ಎಂದರು.

ಅಯ್ಯೋ ನಿಮ್ಮ ಮನೆ ಹಾಳಾಗ! ಹಳೇ ಕಾಲದ ಕಥೆ ಎಂದುಕೊಂಡಿದ್ದರು. ಅವತ್ತು ಅವನು ಆಡಿರಲೇ ಇಲ್ಲ. ನಾನು ಹೆಂಗಸರ ಸಾಲಿನಿಂದ ಎದ್ದು, ‘ಇವತ್ತಿಂದೇ ಕೇಳ್ತಿರೋದು ಸಾರ್, ಇವತ್ತಿಂದು!’ ಎಂದು ಕೂಗಿದೆ. ಅಷ್ಟರಲ್ಲಿ ಜನಗಣಮನ ಶುರುವಾಯಿತು. ಎಲ್ಲರೂ ಎದ್ದು ನಿಂತರು. ಅಷ್ಟು ಜನ ನಿಂತಿರುವಾಗ ಅಪ್ಪ ಆಗಿನಿಂದ ಕೂರದೆ ನಿಂತಿದ್ದು ಯಾರ ಗಮನಕ್ಕೂ ಬರಲಿಲ್ಲ.

ಕಾರುಗಳು ಹೋದವು. ಶಾಮಿಯಾನದವರು ಕುರ್ಚಿ ಮಡಿಸತೊಡಗಿದರು. ಅಪ್ಪ ಮಾತ್ರ ವೇದಿಕೆಯ ಮೇಲೆ, ತನ್ನ ಕುರ್ಚಿಯ ಮುಂದೆ, ಹಾರ ಹಾಕಿಕೊಂಡು ನಿಂತೇ ಇದ್ದ.

‘ನಡಿ ಅಪ್ಪಯ್ಯ. ಎಲ್ಲಾ ಹೋದ್ರು.’

‘ಪ್ರಶ್ನೆ ಕೇಳ್ದೋನು ಉತ್ತರ ಬರೋಗಂಟ ಕೂರಂಗಿಲ್ಲ ಕಣವ್ವ. ಸಭೆ ರೀತಿ ಅದು.’

ಬಯ್ಯಬೇಕೆಂದು ಬಾಯಿ ತೆರೆದವಳು ಬಯ್ಯಲಿಲ್ಲ. ವೇದಿಕೆ ಹತ್ತಿ, ಅವನ ಎದುರಿಗೆ ಹೋಗಿ ನಿಂತೆ.

‘ಕೊಡಲ್ಲ ಅಪ್ಪಯ್ಯ’ ಎಂದೆ. ‘ಅವ್ರು ನಮ್ಗೆ ನೀರು ಕೊಡಲ್ಲ.’

ಅಪ್ಪ ನನಗೆ ಕೈ ಮುಗಿದು, ಕೂತುಕೊಂಡ.