ಇಲಿ ಕಡಿಯದ ವೈರು

ಹಾರೋಹಳ್ಳಿಯ ಒಂದು ಬೋಲ್ಟು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಉಯ್ಯಂಬಳ್ಳಿಯ ವೀರೇಂದ್ರ. ಕೆಲಸ ಕೊಡಿಸಿದವರು ಸೋದರಮಾವ ಚನ್ನಲಿಂಗಪ್ಪ, ಅಲ್ಲೇ ಲೋಡಿಂಗ್ ಷೆಡ್ಡಿನ ಸೂಪರ್‌ವೈಸರು. ಮಾವನ ಮಗಳು ರಕ್ಷಿತಾಳನ್ನು ಇವನಿಗೇ ಕೊಡುವುದೆಂದು ಮಾತಾಗಿತ್ತು. ಇವನಿಗೂ ಅವಳೆಂದರೆ ಪ್ರಾಣ.

ಆಫೀಸಿಗೆಲ್ಲ ಇದ್ದದ್ದು ಒಂದೇ ದೊಡ್ಡ ಪ್ರಿಂಟರು. ಯಾವ ಕಂಪ್ಯೂಟರಿನಿಂದ ಯಾರು ಬೇಕಾದರೂ ಪ್ರಿಂಟ್ ಒತ್ತಬಹುದಿತ್ತು. ಊರ ಬಾವಿ ಅಂದಮೇಲೆ ಕೇಳಬೇಕೆ! ಮಕ್ಕಳ ಪ್ರಾಜೆಕ್ಟು, ನಾಮಕರಣದ ಕಾರ್ಡು, ಎಲ್ಲವೂ ಅದರಲ್ಲೇ. ಒಂದು ದಿನ ಮ್ಯಾನೇಜರ್ ಅನಂತರಾಜು ತಮ್ಮ ಬಿಲ್ ತೆಗೆದುಕೊಳ್ಳಲು ಹೋದರೆ, ಟ್ರೇ ತುಂಬ ಕರಪತ್ರ. ಅದರಲ್ಲಿ ಚನ್ನಲಿಂಗಪ್ಪ ಕೈಮುಗಿದು ನಗುತ್ತಿದ್ದರು: ‘ಹಾಲಿನ ಡೈರಿ ಚುನಾವಣೆಯಲ್ಲಿ ನಿಮ್ಮ ಅಮೂಲ್ಯ ಮತ’.

“ಕಂಪನಿ ಕೆಲಸಕ್ಕೆ ಯಾರಿಗೆ ಬೇಕೋ ಅವರಿಗೆ ಮಾತ್ರ ಪ್ರಿಂಟ್ ಪರ್ಮಿಷನ್ ಇಡಿ. ಆ ಮನುಷ್ಯನ ಹೆಸರು ಮೊದಲು ತೆಗೀರಿ,” ಎಂದು ವೀರೇಂದ್ರನನ್ನು ಕರೆದು ಹೇಳಿದರು. “ಲಾರಿ ಚಲನ್ನು ಅಕೌಂಟ್ಸಿನ ಅಂಬುಜಮ್ಮನ ಹತ್ತಿರ ತೆಗೆಸಿಕೊಳ್ಳಲಿ. ನೀವೇ ತಿಳಿಸಿಬಿಡಿ.”

ಹೆಸರು ತೆಗೆಯುವುದು ಎಷ್ಟು ಹೊತ್ತಿನ ಕೆಲಸ? ತೆಗೆದ. ತಿಳಿಸುವುದಿತ್ತಲ್ಲ, ಅದು ಗಂಟಲಲ್ಲೇ ಉಳಿಯಿತು. ಹೆಣ್ಣು ಕೊಡುವ ಮಾವನಿಗೆ ಎದುರು ನಿಂತು ‘ನಿಮಗಿಲ್ಲ’ ಎನ್ನಲು ನಮ್ಮ ಕಡೆ ಯಾವ ಗಂಡಿಗೆ ಬಾಯಿ ಬರುತ್ತದೆ ಹೇಳಿ? “ಯಾಕ್ಲಾ ವೀರ, ಚಲನ್ನೇ ಬತ್ತಾ ಇಲ್ವಲ್ಲ?” ಎಂದು ಮಾವ ಬಂದಾಗ ಇವನೆಂದದ್ದು ಇಷ್ಟು: “ನಿಮ್ ಷೆಡ್ಡಿನ ಕಂಪ್ಯೂಟರ್ ವೈರ್ ಇಲಿ ಕಡ್ದೈತೆ ಮಾವ. ಒಸಿ ದಿನ ಅಂಬುಜಮ್ಮನ ತಾವ ತೆಗಿಸ್ಕಳಿ.”

ಅಯ್ಯೋ ಪುಣ್ಯಾತ್ಮ! ಸುಳ್ಳು ಹೇಳುವ ಮೊದಲು ಮಾವ ಎಂಥವರು ಅಂತಾದರೂ ನೋಡಬೇಡವೇ? ಅಳಿಯನ ಕಷ್ಟ ತನ್ನ ಕಷ್ಟ ಎನ್ನುವ ಆಸಾಮಿ. ಮರುದಿನವೇ ಬೋನು ತಂದು, ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿದರು. ಟಾರ್ಚು ಹಿಡಿದು ಗೋಡೆಯುದ್ದಕ್ಕೂ ಕುಕ್ಕರಗಾಲಲ್ಲಿ ಸರಿಯುತ್ತಾ ಕಡಿದ ಜಾಗ ಹುಡುಕಿದರು. ಹಮಾಲಿಗಳು ನಗುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದ ವೀರೇಂದ್ರನಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಈಗಲೇ ಹೇಳಿಬಿಡೋಣ ಎಂದು ಏಳುವನು, ಊಟ ಆಗಲಿ ಎಂದು ಕೂರುವನು. ಊಟವಾದರೆ ಲಾರಿ ಹೋಗಲಿ ಎನ್ನುವನು. ವಾರವೇ ಹೀಗೆ ಕಳೆಯಿತು. ರಕ್ಷಿತಾ ಫೋನ್ ಮಾಡಿದರೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದ.

ಶನಿವಾರ ಮಾವ ಷರಟಿನ ಗುಂಡಿ ಹಾಕಿಕೊಳ್ಳುತ್ತಾ ಮ್ಯಾನೇಜರ್ ರೂಮಿನತ್ತ ನಡೆದದ್ದು ಕಂಡಿತು. ವೀರೇಂದ್ರ ಎದ್ದು ಓಡಿದ. ಬಾಗಿಲು ಮುಟ್ಟುವಷ್ಟರಲ್ಲಿ ಒಳಗೆ ಮಾವ ಶುರುಮಾಡಿಬಿಟ್ಟಿದ್ದರು: “ಸಾರ್, ಒಂದ್ ಹೊಸ ವೈರ್ ಹಾಕ್ಸ್ಕೊಡಿ. ಇಲಿ ಕಾಟಕ್ಕೆ ನಮ್ ಹುಡ್ಗ ವಾರದಿಂದ ಮುಖ ಬಾಡಿಸ್ಕಂಡವ್ನೆ.”

“ಯಾವ ಇಲಿ ರೀ?” ಎಂದರು ಅನಂತರಾಜು. “ವೈರಿಗೆ ಏನಾಗಿದೆ? ನಿಮ್ಮ ಹೆಸರು ತೆಗೆಸಿದ್ದೇ ನಾನು. ಆ ಹುಡುಗ ಹೇಳಲಿಲ್ವಾ?”

ಮಾವ ತಿರುಗಿದರು. ಬಾಗಿಲಲ್ಲಿ ಅಳಿಯ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ. ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

“ನನ್ ಹೆಸ್ರು ಕಿತ್ತಾಕಿದ್ದು ಸರಿ. ಕಂಪನಿ ಪೇಪರು, ತಪ್ಪು ನಂದೇ. ನೇರವಾಗಿ ಹೇಳಿದ್ರೆ ಒಂದ್ ಗಳಿಗೆ ರೇಗಾಡಿ ಸುಮ್ಕಾಗ್ತಿದ್ದೆ ಕಣ್ಲಾ.”

ವೀರೇಂದ್ರ ತಲೆ ಎತ್ತಲಿಲ್ಲ. “ತಪ್ಪಾಯ್ತು ಮಾವ. ರಕ್ಷಿತಾನ್ನ ಕೊಡಕಿಲ್ಲ ಅಂದ್ಬುಟ್ರೆ ಅಂತ ದಿಗಿಲಾಯ್ತು.”

“ನಾನೇನೋ ಮ್ಯಾನೇಜರ್ ತಾವ ಹೋಗಿ ಕೇಳ್ದೆ, ನಿಜ ಗೊತ್ತಾಯ್ತು,” ಎಂದರು ಮಾವ. “ನಾಳೆ ನನ್ ಮಗಳು ಯಾರ್ ತಾವ ಹೋಗಿ ಕೇಳ್ಬೇಕ್ಲಾ?”