ಕಿಟಕಿಯ ಪಕ್ಕದ ಹಲಗೆ

ಅಪ್ಪ ಕಣ್ಮುಚ್ಚಿದ ಮೇಲೆ ಅಜ್ಜಿಯ ಮಗನಿಗೆ ಸಂಗೀತದ ಜ್ಞಾನೋದಯವಾಯಿತು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಮಕ್ಕಳೇ, ಕೈಕಟ್ಟಿ ಕೂತ್ಕೊಳ್ಳಿ," ಎಂದ ಮಗ, ತನ್ನಿಬ್ಬರು ಹೆಣ್ಣುಮಕ್ಕಳಿಗೆ. "ಇದು ಬ್ಲೂಸ್. ಅಮೆರಿಕದ ಕಪ್ಪುಜನರ ನೋವಿನ ಸಂಗೀತ. ಸುಮ್ನೆ ಕೇಳೋದಲ್ಲ, ಅನುಭವಿಸಬೇಕು."

ನೋವಂತೆ! ಹಲ್ಲುನೋವಿಗೆ ಓಣಿಯನ್ನೆಲ್ಲ ಎಬ್ಬಿಸಿದ ಮಹಾರಾಯ. ಅಪ್ಪ ರೆಕಾರ್ಡು ಹಾಕಿದರೆ ಸಾಕು, "ಆ ಕುಡುಕನ ಗೋಳು ನಿಲ್ಸಪ್ಪಾ" ಎಂದು ಬಾಗಿಲು ಬಡಿದುಕೊಂಡು ಹೋಗುತ್ತಿದ್ದವನು ಇವನೇ ಅಲ್ಲವೇ?

ಅಜ್ಜಿಯ ಯಜಮಾನರು ಬಡಗಿ. ಮನೆಯ ಮರದ ನೆಲವೂ ಅವರದೇ ಕೈಕೆಲಸ. ಕೆಲಸ ಮುಗಿಸಿ ಬಂದವರು ಅಂಗಿಗೆ ಅಂಟಿದ ಮರದ ಹೊಟ್ಟನ್ನೂ ಕೊಡವದೆ ಕಿಟಕಿಯ ಪಕ್ಕ ಕೂತು ಹಾಡು ಕೇಳುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಇದೇನು ಅಳು ಎಂದು ಅವಳು ಸಿಡುಕಿದಾಗ, "ಅವನೂ ದೇವರನ್ನೇ ಕರೀತಿದ್ದಾನೆ ಕಣೇ. ನಿನ್ನ ಹಾಗೆ ಅದು ಕೊಡು ಇದು ಕೊಡು ಅಂತಿಲ್ಲ, ಅಷ್ಟೇ," ಎಂದಿದ್ದರು. ಅವತ್ತಿನಿಂದ ಅವಳೂ ಪಕ್ಕದಲ್ಲಿ ಕೂರತೊಡಗಿದಳು.

ಈಗ ಆ ರೆಕಾರ್ಡುಗಳೆಲ್ಲ ಡಬ್ಬದಲ್ಲಿ ಬಾಗಿಲ ಬಳಿ ಕೂತಿದ್ದವು. ಗುಜರಿಯವನು ಬರುವುದೊಂದೇ ಬಾಕಿ.

"ಒಂದನ್ನಾದ್ರೂ ಉಳಿಸೋ," ಎಂದು ಬೆಳಿಗ್ಗೆಯೇ ಕೇಳಿದ್ದಳು.

"ಅಯ್ಯೋ ಅಮ್ಮಾ, ಎಲ್ಲಾ ಗೀರು ಬಿದ್ದ ಕಸ. ಅದೇ ಹಾಡುಗಳು ನನ್ನ ಮೆಷಿನ್ನಲ್ಲಿವೆ. ಒಂದು ಚೂರೂ ಕರಕರ ಇಲ್ಲ."

ಹೊಸ ಮೆಷಿನ್ನು ಹಾಡತೊಡಗಿತು. ಮಗ ಕಣ್ಣು ಮುಚ್ಚಿ ತಲೆದೂಗಿದ. ಅಂಗಡಿಯಲ್ಲಿ ಪರದೆ ಬಟ್ಟೆ ಮಾರುವಾಗ ಗಿರಾಕಿಗಳ ಮುಂದೆಯೂ ಹೀಗೇ ತಲೆದೂಗುತ್ತಾನೆ. ದೊಡ್ಡ ಮಗಳು ಆಕಳಿಸಿದಳು. ಚಿಕ್ಕವಳು ಉಗುರು ಕಚ್ಚಿದಳು. ಹಾಡು ಅರ್ಧಕ್ಕೆ ಬಂದಿತ್ತು. ಇದ್ದಕ್ಕಿದ್ದಂತೆ ಇಬ್ಬರೂ ಎದ್ದು ಓಡಿ ಕಿಟಕಿಯ ಪಕ್ಕದ ಹಲಗೆಯನ್ನು ಧಡ್ಡನೆ ತುಳಿದರು.

ಮಗ ಬೆಚ್ಚಿಬಿದ್ದ. "ಏನದು ಕಪಿಚೇಷ್ಟೆ!"

"ಇಲ್ಲಿ ಒದೀಬೇಕಪ್ಪ," ಎಂದಳು ಚಿಕ್ಕವಳು. "ಇಲ್ಲಾಂದ್ರೆ ಹಾಡೋನು ಅಲ್ಲೇ ಅಳ್ತಾ ಕೂತ್ಬಿಡ್ತಾನೆ."

"ಯಾರೇ ಹೇಳಿದ್ದು?"

"ತಾತ!" ಎಂದಳು ದೊಡ್ಡವಳು. "ತಾತನ ರೆಕಾರ್ಡು ಇಲ್ಲೇ ಸಿಕ್ಕಿಕೊಳ್ಳೋದು. ಹಲಗೆ ಒದ್ರೆ ಮುಳ್ಳು ಮುಂದಕ್ಕೆ ಹೋಗುತ್ತೆ. ನಿಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅದೇ ಮನೆಯಲ್ಲಿ ಹುಟ್ಟಿ, ಅದೇ ನೆಲದ ಮೇಲೆ ಬೆಳೆದವನು ಒಂದು ಸಲವಾದರೂ ಆ ಹಾಡಿನ ಅರ್ಧದವರೆಗೆ ಕೂತಿದ್ದರಲ್ಲವೇ ಗೊತ್ತಾಗುವುದು!

ನಾಚಿಕೆಯಾದರೂ ಆಯಿತೇ? ಎಲ್ಲಿಯದು. "ಶಿಸ್ತಿಲ್ದೆ ಬ್ಲೂಸ್ ಅರ್ಥ ಆಗಲ್ಲ. ಮೊದಲಿಂದ ಹಾಕ್ತೀನಿ, ಕೂತ್ಕೊಳ್ಳಿ," ಎಂದ.

ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು.

ಅಜ್ಜಿ ಎದ್ದಳು. ಡಬ್ಬ ಬಿಚ್ಚಿ, ಮೂಲೆ ಹರಿದ ಕವರಿನ ಅದೇ ಹಾಡಿನ ರೆಕಾರ್ಡನ್ನು ತೆಗೆದು, ಸೆರಗಿನಿಂದ ಒರೆಸಿ ಯಜಮಾನರ ರೆಕಾರ್ಡು ಹಾಕುವ ಹಳೆಯ ಪೆಟ್ಟಿಗೆಯ ಮೇಲಿಟ್ಟಳು. ಹೊಸ ಮೆಷಿನ್ನಿನ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು.

"ಅಮ್ಮಾ, ಗುಜರಿಯವನು ಕಾಯ್ತಿದ್ದಾನೆ," ಎನ್ನುತ್ತ ಮಗ ಕಿಟಕಿಯ ಬಳಿ ಬಂದು ನಿಂತ.

"ಕಾಯಲಿ. ಬೇಕಾದ್ರೆ ನಿನ್ನ ಮೆಷಿನ್ ಕೊಟ್ಟು ಕಳಿಸು."

ಅಜ್ಜಿ ಮುಳ್ಳು ಇಳಿಸಿದಳು. ಕರಕರ ಸದ್ದಿನ ನಡುವೆ ರೆಕಾರ್ಡಿನ ಆ ಹಾಡುಗಾರ ಹಾಡತೊಡಗಿದ. ಮಕ್ಕಳು ಅಜ್ಜಿಯ ಅಕ್ಕಪಕ್ಕ ಒತ್ತಿ ಕೂತರು. ಅರ್ಧಕ್ಕೆ ಬಂದಾಗ ಹಾಡು ಸಿಕ್ಕಿಕೊಂಡಿತು. ಅದೇ ಮಾತು, ಮತ್ತೆ ಅದೇ ಮಾತು.

"ಅಜ್ಜೀ, ಇವತ್ತು ನೀನು!" ಎಂದಳು ಚಿಕ್ಕವಳು.

ಅಜ್ಜಿ ದೇವರನ್ನು ನೆನೆದು, ಮಂಡಿ ಹಿಡಿದುಕೊಂಡು ಎದ್ದಳು. ಮಗ ಅದೇ ಹಲಗೆಯ ಮೇಲೆ ನಿಂತಿದ್ದ.

"ಪಕ್ಕಕ್ಕೆ ಸರಿಯೋ, ಪಂಡಿತ," ಎಂದಳು.

ಅವನು ಸರಿದ. ಅವಳು ಒದ್ದಳು. ಹಾಡು ಮುಂದಕ್ಕೆ ಹೋಯಿತು.