ಹೊರಹರಿವಿನ ಅಂಕಿ

ಬೆಳಗೊಳದ ಸ್ಪಂದನ ಬರೆದಿದ್ದ ಪ್ರೋಗ್ರಾಮ್ ಸಣ್ಣದು. ಮನೆಯ ಲ್ಯಾಪ್‌ಟಾಪಿನಲ್ಲಿ ಕೂತು, ಅಣೆಕಟ್ಟೆಯ ನೀರಿನ ವಿವರ ತೋರಿಸುವ ವೆಬ್ ಪುಟವನ್ನು ಹದಿನೈದು ನಿಮಿಷಕ್ಕೊಮ್ಮೆ ಓದಿ, ನದಿಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ಹೊಳೆಬದಿಯ ನಲವತ್ತು ಮನೆಗಳ ಫೋನಿಗೆ ಕಳಿಸುತ್ತಿತ್ತು. ಎರಡು ಮಳೆಗಾಲ ತಪ್ಪಿರಲಿಲ್ಲ.

ಆ ಮಧ್ಯಾಹ್ನ ದೊಡ್ಡಮ್ಮ ಚಿಕ್ಕಬೋರಮ್ಮ ಏದುಸಿರು ಬಿಡುತ್ತ ಬಂದರು.

"ಫೋನ್ಗೆ ಐದೇ ಸಾವ್ರ ಅಂತ ಬಂದೈತಲ್ಲವ್ವ? ಬಟ್ಟೆ ಒಗೆಯೋ ಕಲ್ಲೇ ಮುಳುಗೋಗದೆ! ನಿಮ್ ದೊಡ್ಡಪ್ಪ ನಡುಗಡ್ಡೇಲಿ ದನ ಮೇಯಿಸ್ತಾವ್ರೆ."

ಸ್ಪಂದನ ಪುಟ ತೆರೆದಳು. ಇಪ್ಪತ್ತೆರಡು ಸಾವಿರ.

ಪುಟದ ಪ್ರತಿ ಅಂಕಿಗೂ ಕಣ್ಣಿಗೆ ಕಾಣದ ಒಂದು ಗುರುತಿನ ಹೆಸರಿರುತ್ತದೆ. ಪ್ರೋಗ್ರಾಮ್ ಹುಡುಕುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಯಾರೋ ಪುಟವನ್ನು ಹೊಸದಾಗಿ ಕಟ್ಟಿದ್ದರು. ಈಗ ತೆರೆದಾಗಲೆಲ್ಲ ಆ ಹೆಸರು ಬದಲಾಗುತ್ತಿತ್ತು. ಗುರುತು ಸಿಗದಿದ್ದರೆ ಹಿಂದಿನ ಅಂಕಿಯನ್ನೇ ಕಳಿಸು ಎಂದು ಬರೆದಿದ್ದವಳು ಸ್ಪಂದನಳೇ.

ಎಲ್ಲರಿಗೂ ಸರಿಯಾದ ಅಂಕಿ ತಾನೇ ಬರೆದು ಕಳಿಸಿ, ದೊಡ್ಡಪ್ಪನಿಗೆ ಫೋನ್ ಮಾಡುತ್ತಲೇ ಹೊಳೆಗೆ ಓಡಿದಳು. ದೊಡ್ಡಮ್ಮ ಹಿಂದೆಯೇ ಬಂದರು. ದೊಡ್ಡಪ್ಪ ಮುದ್ದಯ್ಯ ಆಗಲೇ ಕರುವನ್ನು ನಡುಗಡ್ಡೆಯಲ್ಲೇ ಬಿಟ್ಟು, ಹಸು ಹಿಡಿದು ಸೊಂಟದ ನೀರಲ್ಲಿ ದಾಟಿ ಬಂದಿದ್ದರು. ಅಷ್ಟರಲ್ಲಿ ಅವರ ಅಂಗಿ ಜೇಬಿನ ಫೋನ್ ಸದ್ದು ಮಾಡಿತು. ಮತ್ತೆ ಐದು ಸಾವಿರ! ಪ್ರೋಗ್ರಾಮ್ ನಿಲ್ಲಿಸುವುದನ್ನು ಅವಳು ಮರೆತಿದ್ದಳು.

"ನೋಡು, ಐದೇ ಸಾವ್ರ ಅಂತದೆ. ಕರ ಅಲ್ಲೇ ಐತೆ, ತಂದ್ಬುಡ್ತೀನಿ," ಎಂದು ಮುದ್ದಯ್ಯ ನೀರಿಗಿಳಿದರು.

"ಅದು ಸುಳ್ಳು ದೊಡ್ಡಪ್ಪ! ನಾನ್ ಬರ್ದಿರೋದೇ ತಪ್ಪಾಗದೆ!"

"ಎರಡ್ ವರ್ಸ ಸುಳ್ಳೇಳ್ದೆ ಇದ್ದಿದ್ದು ಇವತ್ತೇಳದಾ?"

ಸ್ಪಂದನ ನೀರಿಗೆ ನುಗ್ಗಿ ಅವರ ಅಂಗಿ ಹಿಡಿದಳು. ಇಬ್ಬರ ಕಾಲೂ ಜಾರಿತು. ದಡದ ಮರದ ಬೇರು ಕೈಗೆ ಸಿಕ್ಕಿದ್ದರಿಂದ ಉಳಿದರು. ದಡ ಹತ್ತುವಾಗ ಅವಳಿಗೆ ಹೊಳೆಯಿತು: ಇದೇ ಸುಳ್ಳು ಉಳಿದ ಮನೆಗಳಿಗೂ ಹೋಗಿದೆ.

"ದೊಡ್ಡಮ್ಮ, ಇವ್ರನ್ನ ಬುಡ್ಬೇಡಿ!" ಎಂದು ಕೂಗಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದಳು. ಮುಂದಿನ ಸಂದೇಶಕ್ಕೆ ಎರಡು ನಿಮಿಷವಿತ್ತು. ನಿಲ್ಲಿಸಿದಳು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಕೊನೆಯವರು ದಡದಲ್ಲಿದ್ದೇವೆ ಎಂದ ಮೇಲೆಯೇ ಅವಳು ಒದ್ದೆ ಬಟ್ಟೆ ಬದಲಿಸಿದ್ದು.

ಸಂಜೆ ಪ್ರೋಗ್ರಾಮ್ ತಿದ್ದಿದಳು. ಒಳಗಿನ ಗುರುತು ದಿನಕ್ಕೆ ನೂರು ಸಲ ಬದಲಾಗಲಿ, ಜನ ಓದುವ 'ಹೊರಹರಿವು' ಎಂಬ ಪದ ಪುಟದಲ್ಲಿ ಇರಲೇಬೇಕಲ್ಲ. ಅದನ್ನು ಹುಡುಕಿ ಪಕ್ಕದ ಅಂಕಿ ತೆಗೆದುಕೊಳ್ಳುವಂತೆ ಮಾಡಿದಳು. ಸಿಗದಿದ್ದರೆ 'ಗೊತ್ತಾಗುತ್ತಿಲ್ಲ, ಹೊಳೆಗಿಳಿಯಬೇಡಿ' ಎಂದು ಹೋಗಬೇಕು.

ಮೂರನೆಯ ದಿನ ನೀರಿಳಿಯಿತು. ನಡುಗಡ್ಡೆಯಲ್ಲಿ ಕರು ಇರಲಿಲ್ಲ. ಮುದ್ದಯ್ಯ ಬಂದು ಜಗಲಿಯ ಮೇಲೆ ಕೂತರು.

"ನಿನ್ ಮ್ಯಾಲೆ ಸಿಟ್ಟಿಲ್ಲ ಕಣವ್ವ," ಎಂದರು. "ಆದ್ರೆ ಇನ್ಮೇಲೆ ಫೋನ್ ನೋಡಾದ್ಮೇಲೆ ನೀರ್ನೂ ನೋಡ್ತೀನಿ."